ಆಳದ ಮಣ್ಣು ಮತ್ತು ಚಿಮಟ ಸಾಹೇಬರು

ಚಿಮಟ ಸಾಹೇಬರು ಗೌರವ ಕೊಡಬಹುದಾದಂಥದ್ದು ಈ ಲೋಕದಲ್ಲಿ ಏನಾದರೂ ಇದ್ದರೆ ಅದು ನೆಲದಿಂದ ಒಂದಾಳು ಕೆಳಗೆ ಶುರುವಾಗುತ್ತಿತ್ತು. ಅದರ ಮೇಲಿದ್ದುದೆಲ್ಲ, ಅಂದರೆ ಹುಲ್ಲು, ಎಲೆ, ಎರೆಹುಳು, ರಸ್ತೆ, ಆಫೀಸು, ನೆಂಟರು, ಅವರ ಪ್ರಕಾರ ಕಸ. ಹಾಗೆಂದು ಬಾಯಿಬಿಟ್ಟು ಹೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಮೂಗಿನ ಎಡಹೊಳ್ಳೆಯನ್ನು ತುಸು ಮೇಲೆತ್ತುತ್ತಿದ್ದರು, ಅಷ್ಟೆ. ಎದುರಿಗಿದ್ದವನಿಗೆ ತನ್ನ ಕಾಲರಿಗೆ ಏನೋ ಅಂಟಿದೆಯೆಂದು ಅನುಮಾನ ಬಂದು ಕೊಡವಿಕೊಳ್ಳುವಷ್ಟರಲ್ಲಿ ಸಾಹೇಬರು ಮುಂದಕ್ಕೆ ಹೋಗಿರುತ್ತಿದ್ದರು.

ಸಾಹೇಬರೆಂದರೆ ದೊಡ್ಡ ಹುದ್ದೆಯವರೆಂದು ತಿಳಿಯಬೇಡಿ. ಅವರು ಕಾಡಿನ ಮಣ್ಣು ಪರೀಕ್ಷೆ ಮಾಡುವ ಕೇಂದ್ರದಲ್ಲಿ ಬೇರು ಹೆಕ್ಕುವವರು. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುವಂತೆ ಇವರು ಚಿಮಟ ಸಿಕ್ಕಿಸಿಕೊಳ್ಳುತ್ತಿದ್ದರಿಂದ 'ಚಿಮಟ' ಬಂತು. ನಡಿಗೆ ನೋಡಿ ಯಾರೋ 'ಸಾಹೇಬರು' ಸೇರಿಸಿದರು. ಅದು ಲೇವಡಿಯೆಂದು ಇಡೀ ಕೇಂದ್ರಕ್ಕೆ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು.

ಕೇಂದ್ರವಿದ್ದದ್ದು ಹಿಂದೊಮ್ಮೆ ಬಿಸ್ಕತ್ತು ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ. ಬಿಸಿಲು ಏರಿದ ದಿನ ಗೋಡೆಗಳಿಂದ ಇನ್ನೂ ಸಣ್ಣಗೆ ಸಕ್ಕರೆಯ ವಾಸನೆ ಬರುತ್ತಿತ್ತು. ಹೊಸದಾಗಿ ಬಂದವರು ಮಣ್ಣು ಮೂಸಿ, "ಏನ್ರೀ, ಕಾಡಿನ ಮಣ್ಣು ಇಷ್ಟು ಘಮ್ ಅನ್ನುತ್ತಾ?" ಎಂದು ಬೆರಗಾಗುತ್ತಿದ್ದರು. ಸಾಹೇಬರ ಎಡಹೊಳ್ಳೆ ಆಗ ಪೂರ್ತಿ ಏಳುತ್ತಿತ್ತು.

ಅಲ್ಲಿನ ಕೆಲಸ ಹೀಗೆ. ಕಾಡಿನಲ್ಲಿ ಗುಂಡಿ ತೋಡುತ್ತಾರೆ. ಮೇಲಿನ ಮಣ್ಣು ಬೇರೆ, ಆಳದ ಮಣ್ಣು ಬೇರೆ ಎಂದು ಚೀಲಕ್ಕೆ ತುಂಬುತ್ತಾರೆ. ಅದನ್ನು ಒಣಗಿಸಿ, ಜರಡಿ ಹಿಡಿದು, ಹೆಕ್ಕುವ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಬಿಳಿ ತಟ್ಟೆಯ ಮೇಲೆ ಮಣ್ಣು ಹರವಿ, ದೀಪ ಹಚ್ಚಿ, ಭೂತಗನ್ನಡಿಯಲ್ಲಿ ನೋಡುತ್ತ, ಜರಡಿಯಿಂದ ತಪ್ಪಿಸಿಕೊಂಡ ಕೂದಲೆಳೆಯಂಥ ಬೇರುಗಳನ್ನು ಚಿಮಟದಿಂದ ಹೆಕ್ಕಬೇಕು. ಆಮೇಲೆ ಮಣ್ಣು ಕುಲುಮೆಗೆ. ಸುಟ್ಟಾಗ ಏಳುವ ಅನಿಲವನ್ನು ಅಳೆದು, ಇದರಲ್ಲಿ ಇಷ್ಟು ಇಂಗಾಲ ಅಡಗಿತ್ತು ಎಂದು ಮಹಡಿಯ ವಿಜ್ಞಾನಿಗಳು ಹೇಳುತ್ತಾರೆ.

ಇಂಗಾಲ ಅಲ್ಲಿಗೆ ಹೋಗುವುದು ಮರದ ಮೂಲಕ. ಎಲೆ ಗಾಳಿಯಿಂದ ಹೀರುತ್ತದೆ, ಬೇರು ಮಣ್ಣಿಗೆ ಇಳಿಸುತ್ತದೆ. ಬೇರು ಸತ್ತರೂ ನಷ್ಟವಿಲ್ಲ. ಅಲ್ಲೇ ಕೊಳೆತು, ಕಪ್ಪಾಗಿ, ಜೇಡಿಗೆ ಅಂಟಿ ಕೂರುತ್ತದೆ. ಮೇಲ್ಮಣ್ಣಿನಲ್ಲಿ ಕೂತದ್ದು ಹುಳಹುಪ್ಪಟೆಯ ಗಲಾಟೆಯಲ್ಲಿ ಬೇಗ ಮತ್ತೆ ಗಾಳಿಗೆ ಹೋಗಿಬಿಡುತ್ತದೆ. ಆಳದಲ್ಲಿ ಕೂತದ್ದನ್ನು ಏಳಿಸುವವರಿಲ್ಲ. ಮೊಮ್ಮಗ ಮುದುಕನಾದರೂ ಅದು ಅಲ್ಲೇ ಇರುತ್ತದೆ. ಹಿಡಿಮಣ್ಣಿನಲ್ಲಿ ಸಿಗುವುದು ಚೂರೇ ಚೂರು. ಆದರೆ ಆಳವೆನ್ನುವುದು ಹಿಡಿಯಷ್ಟಿಲ್ಲವಲ್ಲ. ಬೇರನ್ನು ಹೆಕ್ಕುವುದು ಏಕೆಂದರೆ ಅದು ಇನ್ನೂ ಮರದ ಸ್ವತ್ತು, ಮಣ್ಣಿನದಲ್ಲ. ಮರದ ಪಾಲನ್ನು ಮಣ್ಣಿನ ಪಾಲಿಗೆ ಬೆರೆಸಬಾರದು.

ಈ ಕೆಲಸಕ್ಕೆ ಕೊನೆಯೆಂಬುದಿಲ್ಲ. ಕಣ್ಣು ಹೆಚ್ಚು ಹೊತ್ತು ನೆಟ್ಟಷ್ಟೂ ಏನೋ ಒಂದು ಕಾಣುತ್ತಲೇ ಇರುತ್ತದೆ. ಅದಕ್ಕೇ ಕೇಂದ್ರ ಶುರುಮಾಡಿದ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು: ಒಂದು ತಟ್ಟೆಗೆ ಅರ್ಧ ತಾಸು. ಕೋಣೆಯ ಮುಖ್ಯಸ್ಥರು ಗಡಿಯಾರ ನೋಡಿ ಗಂಟೆ ಹೊಡೆದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉಳಿದದ್ದು ಉಳಿಯಲಿ, ಎಲ್ಲರ ತಟ್ಟೆಯಲ್ಲೂ ಒಂದೇ ಥರ ಉಳಿದರೆ ಸಾಕು.

ಸಾಹೇಬರ ದೃಷ್ಟಿಯಲ್ಲಿ ಈ ಗಂಟೆ ಮೈಗಳ್ಳರು ಮೈಗಳ್ಳರಿಗಾಗಿ ಕಂಡುಹಿಡಿದ ಯಂತ್ರ. "ಗಂಟೆ ಹೊಡೆದ ತಕ್ಷಣ ಓಡೋದಕ್ಕೆ ಇದೇನು ಪ್ರೈಮರಿ ಶಾಲೆನಾ?" ಎನ್ನುತ್ತಿದ್ದರು. ಹಿಂದಿನ ಮುಖ್ಯಸ್ಥೆಗೆ, ಅಂದರೆ ಎಲ್ಲರೂ ಗಂಟೆಯಮ್ಮ ಎನ್ನುತ್ತಿದ್ದ ಹಿರಿಯ ಹೆಂಗಸಿಗೆ, ಮೊದಮೊದಲು ಇವರೊಡನೆ ವಾದ ಮಾಡುವ ಚೈತನ್ಯವಿತ್ತು. ಆಮೇಲೆ ಮಂಡಿನೋವು ಬಂತು. ಮಂಡಿನೋವು ಮತ್ತು ಸಾಹೇಬರು ಎರಡನ್ನೂ ಒಟ್ಟಿಗೆ ಸಹಿಸುವುದು ಆಗದೆ, ಎರಡನೆಯದನ್ನು ಅದರ ಪಾಡಿಗೆ ಬಿಟ್ಟುಬಿಟ್ಟರು. ಗಂಟೆ ಹೊಡೆಯುತ್ತಿತ್ತು, ಉಳಿದವರು ಕೈ ಎತ್ತುತ್ತಿದ್ದರು, ಸಾಹೇಬರು ಅದೇ ತಟ್ಟೆಯನ್ನು ಸಂಜೆವರೆಗೂ ಹೆಕ್ಕುತ್ತಿದ್ದರು. ಗುಂಡಿಯ ತೀರಾ ತಳದ ಮಣ್ಣನ್ನಂತೂ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಲೋಕ ಕಂಡಿದೆ. ಹುಡುಕಿ, ಸಿಗದಿದ್ದಾಗ ಮೊಸರನ್ನೇ ತಪ್ಪಿತಸ್ಥನನ್ನಾಗಿ ಮಾಡುವವರು ಇವರೊಬ್ಬರೇ.

ಅವರ ಶಸ್ತ್ರಾಗಾರದಲ್ಲಿ ಚಿಮಟದ ಆಚೆಗೂ ಒಂದಿತ್ತು. ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಚೆನ್ನಾಗಿ ಉಜ್ಜಿ ಮಣ್ಣಿನ ಮೇಲೆ ಆಡಿಸಿದರೆ ಚಿಮಟಕ್ಕೂ ಸಿಗದ ಎಳೆಗಳು, ಪುಡಿಗಳು ತಾವಾಗಿ ಮೇಲೆದ್ದು ಸ್ಕೇಲಿಗೆ ಅಂಟುತ್ತವೆ. ಇದರಲ್ಲಿ ಅವರದು ಎತ್ತಿದ ಕೈ. ಕಾಲಕ್ರಮೇಣ ತಲೆ ಬೋಳಾಯಿತು. ಆಗ ಅವರ ಕಣ್ಣು ಎದುರು ಬೆಂಚಿನ ಮೇಲೆ ಬಿತ್ತು.

ಎದುರು ಬೆಂಚಿನಲ್ಲಿ ಕೂರುತ್ತಿದ್ದವನು ಅವರ ಭಾವಮೈದ, ಹೆಂಡತಿಯ ತಮ್ಮ. ಹುಬ್ಬಿನವರೆಗೆ ಇಳಿದ ಸುರುಳಿಕೂದಲಿನಿಂದಾಗಿ ಅವನು ಎಲ್ಲರಿಗೂ ಗುಂಗುರು. ನಲವತ್ತರ ಹತ್ತಿರ ಬಂದರೂ ಯಾವ ಕೆಲಸದಲ್ಲೂ ನಿಲ್ಲದೆ ಇದ್ದವನನ್ನು ಅಕ್ಕನ ಒತ್ತಾಯಕ್ಕೆ ಇಲ್ಲಿ ಸೇರಿಸಿದ್ದು ಸಾಹೇಬರೇ. ಸೇರಿಸಿದ ದಿನದಿಂದ ಪಶ್ಚಾತ್ತಾಪ ಪಡುವ ಸುಖವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಗುಂಗುರು ಕೆಲಸಕ್ಕೆ ಕೂತರೆ ಗುನುಗುತ್ತಿದ್ದ, ಗಂಟೆ ಹೊಡೆದರೆ ಚಿಮಟವನ್ನು ಗಾಳಿಯಲ್ಲೇ ಬಿಟ್ಟು ಎದ್ದು ಕಿತ್ತಳೆ ಸುಲಿಯುತ್ತಿದ್ದ. ತಟ್ಟೆಯಲ್ಲಿ ಎದ್ದು ಕಾಣುವ ಬೇರೊಂದು ಉಳಿದಿದ್ದರೂ, "ಪಾಪ, ಇರಲಿ ಬಿಡಿ ಭಾವ," ಎನ್ನುತ್ತಿದ್ದ. ಇವನಿಂದ ವಿಜ್ಞಾನಕ್ಕೆ ಆಗುವ ಉಪಕಾರವೆಂದರೆ ಅವನ ತಲೆಯೊಂದೇ, ಅದೂ ಹೊರಗಿನದು ಮಾತ್ರ ಎಂದು ಸಾಹೇಬರು ತೀರ್ಮಾನಿಸಿದ್ದರು. ದಿನಕ್ಕೆ ಹಲವು ಸಲ, "ಬಗ್ಗು," ಎನ್ನುತ್ತಿದ್ದರು. ಗುಂಗುರು ಬಗ್ಗುತ್ತಿದ್ದ. ಸಾಹೇಬರು ಸ್ಕೇಲು ಉಜ್ಜಿಕೊಳ್ಳುತ್ತಿದ್ದರು.

"ಶಾಂಪೂ ಬದಲಾಯಿಸಿದ್ದೀಯಾ? ಇವತ್ತು ಕರೆಂಟೇ ಬರ್ತಿಲ್ಲ."

"ಬಿಲ್ ಕಟ್ಟಿಲ್ಲ ಭಾವ."

ಕೇಂದ್ರದೊಳಗೆ ಎರಡು ಜಾತಿಗಳಿದ್ದವು. ಪಡಸಾಲೆಯ ಆಚೆ ಮೇಲ್ಮಣ್ಣಿನವರು, ಈಚೆ ಆಳದವರು. ಈ ಭೇದ ಹುಟ್ಟಿಸಿದ್ದು ಯಾರೆಂದು ಕೇಳಬೇಕಿಲ್ಲ. ಮೇಲ್ಮಣ್ಣಿನ ಕೋಣೆಯಲ್ಲಿ ಜನ ಜಾಸ್ತಿ, ನಗು ಜಾಸ್ತಿ, ಬೇರೂ ಜಾಸ್ತಿ. "ಅಲ್ಲಿ ಕಣ್ಮುಚ್ಚಿ ಕೈ ಹಾಕಿದ್ರೂ ಬೇರು ಸಿಗುತ್ತೆ, ಅದೇನು ಕೆಲಸ? ಸಂತೆಯಲ್ಲಿ ಸೊಪ್ಪು ಆರಿಸಿದ ಹಾಗೆ," ಎಂದು ಸಾಹೇಬರು ಹೇಳುತ್ತಿದ್ದರು. ಎದುರಾದಾಗ ಆಚೆಯವರು ನಮಸ್ಕಾರ ಮಾಡಿದರೆ ಇವರು ಅವರ ಬೂಟಿನ ಕಡೆ ನೋಡುತ್ತಿದ್ದರು. ಕ್ರಮೇಣ 'ಮೇಲ್ಮಣ್ಣು' ಅವರ ಬಾಯಲ್ಲಿ ಬೈಗುಳವೇ ಆಯಿತು. ಪಕ್ಕದ ಮನೆಯವನು ಮೇಲ್ಮಣ್ಣು, ರೇಡಿಯೋದಲ್ಲಿ ಮಾತಾಡುವವನು ಮೇಲ್ಮಣ್ಣು, ಭಾವಮೈದನಂತೂ ಆಳದ ಕೋಣೆಯಲ್ಲಿ ಕೂತಿದ್ದರೂ ಹುಟ್ಟಾ ಮೇಲ್ಮಣ್ಣು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ಮಾಡುತ್ತಿದ್ದಳು. ಗಂಡ ಮನೆಗೆ ಬಂದೊಡನೆ ಹೊಲಿದ ಬಟ್ಟೆಗಳನ್ನೆಲ್ಲ ಅವಳು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಒಮ್ಮೆ ಸಾಹೇಬರು ಯಾರದೋ ಕೋಟಿನ ಮೇಲೆ ಹೊರಚಾಚಿದ್ದ ದಾರದ ತುದಿ ಕಂಡು, ಚಿಮಟ ತೆಗೆದು, ಒಂದಾದ ಮೇಲೊಂದು ಎಳೆಯುತ್ತ ಹೋಗಿದ್ದರು. ಕೋಟಿನ ಒಡೆಯ ಅದನ್ನು ತೊಟ್ಟು ಬಸ್ಸಿನ ಕಂಬಿ ಹಿಡಿದಾಗ ತೋಳು ಕಂಬಿಯಲ್ಲಿ ಉಳಿಯಿತು, ಆತ ಇಳಿದು ಹೋದ.

"ಮೊದಲೇ ಸಡಿಲ ಇತ್ತು ಅದು," ಎಂದರು ಸಾಹೇಬರು.

"ಹೌದ್ರೀ, ನಿಮ್ಮ ಕೈಗೆ ಸಿಕ್ಕೋದೆಲ್ಲ ಮೊದಲೇ ಸಡಿಲ ಇರುತ್ತೆ," ಎಂದಳು ಹೆಂಡತಿ.

ಹೀಗಿರುವಾಗ ಗಂಟೆಯಮ್ಮ ನಿವೃತ್ತಿಯಾದರು. ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. ಅದು ಕಿಟಕಿಯ ಪಕ್ಕದ, ಕೈಯಿರುವ, ಒಂದು ಕಾಲು ತುಸು ಗಿಡ್ಡವಾದ ಕುರ್ಚಿ. ತನ್ನ ಹೊರತು ಅದರಲ್ಲಿ ಕೂರುವವರು ಹುಟ್ಟಿಲ್ಲ ಎಂಬ ವಿಷಯದಲ್ಲಿ ಸಾಹೇಬರಿಗೆ ಅನುಮಾನವೇ ಇರಲಿಲ್ಲ. ಗಿಡ್ಡಕಾಲಿನ ಕೆಳಗಿಡಲು ಮರದ ಬಿಲ್ಲೆಯೊಂದನ್ನು ಮನೆಯಿಂದಲೇ ಉಜ್ಜಿ ತಂದರು.

ಅಷ್ಟರಲ್ಲಿ ಇಡೀ ಕೇಂದ್ರವನ್ನು ನೋಡಿಕೊಳ್ಳಲು ಮಹಡಿಗೆ ಹೊಸ ಮೇಡಂ ಬಂದರು. ಬಂದ ವಾರದಲ್ಲೇ ಅವರು ಕೆಳಗಿಳಿದು ಆಳದ ಕೋಣೆಯವರನ್ನು ಸೇರಿಸಿದರು. ಸಾಹೇಬರು ಕುರ್ಚಿಯ ವಿಷಯವೆಂದುಕೊಂಡು ಅಂಗಿಯ ಗುಂಡಿ ಸರಿಮಾಡಿಕೊಂಡರು.

"ವಿಷಯ ಅಷ್ಟು ಚೆನ್ನಾಗಿಲ್ಲ," ಎಂದರು ಮೇಡಂ. "ಗುಂಡಿಯ ತಳದ ಮಣ್ಣಿನಲ್ಲಿ ನಮಗೆ ಸಿಗ್ತಿರೋ ಇಂಗಾಲ ಹೆಚ್ಚುಕಡಿಮೆ ಸೊನ್ನೆ. ಹಳೇ ಕಾಡು, ಅಂಥಾ ಮರಗಳು, ಕೆಳಗೆ ನೋಡಿದ್ರೆ ಖಾಲಿ. ಅಗೆಯೋದಕ್ಕೆ ಹಣ ಕೊಡೋರು ಕೇಳ್ತಿದ್ದಾರೆ: ಕೆಳಗೆ ಏನೂ ಇಲ್ಲ ಅಂದ್ಮೇಲೆ ಅಷ್ಟು ಆಳ ಯಾಕೆ ತೋಡ್ತೀರಿ ಅಂತ. ಅವರ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಹೀಗೇ ಆದ್ರೆ ಈ ಕೋಣೆ ಮುಚ್ತೀವಿ. ಎಲ್ಲರಿಗೂ ಆಚೆ ಕೋಣೆಯಲ್ಲಿ ಜಾಗ ಇದೆ, ಯಾರೂ ಹೆದರಬೇಕಾಗಿಲ್ಲ."

ಕೆಲಸ ಹೋಗುವುದಿಲ್ಲವೆಂದು ಕೇಳಿ ಉಳಿದವರು ಉಸಿರು ಬಿಟ್ಟರು. ಸಾಹೇಬರ ಉಸಿರು ಒಳಗೇ ನಿಂತಿತು. ಆಚೆ ಕೋಣೆ! ಅಂದರೆ ಮೇಲ್ಮಣ್ಣು! ಮನೆಗೆ ಕಳಿಸಿದ್ದರೆ ಗೌರವವಾಗಿ ಹೋಗಿ ಊರಿಗೆಲ್ಲ ಬೈದುಕೊಂಡು ಕೂರಬಹುದಿತ್ತು. ಇಷ್ಟು ವರ್ಷ ಯಾರ ಬೂಟು ನೋಡಿದ್ದರೋ ಅವರ ಪಕ್ಕದಲ್ಲಿ ಕೂತು ಸೊಪ್ಪು ಆರಿಸುವುದೆಂದರೆ ಏನು!

ತಪ್ಪು ಎಲ್ಲಿದೆಯೆಂದು ಅವರಿಗೆ ತಕ್ಷಣ ಹೊಳೆಯಿತು. ತಪ್ಪು ಹೊಳೆಯುವುದು ಅವರಿಗೆ ಎಂದೂ ತಡವಾದದ್ದಿಲ್ಲ, ಏಕೆಂದರೆ ಹುಡುಕುವ ಜಾಗಗಳಲ್ಲಿ ಒಂದನ್ನು ಅವರು ಯಾವಾಗಲೂ ಬಿಟ್ಟುಬಿಡುತ್ತಿದ್ದರು. ಗುಂಡಿ ತೋಡುವವರೇ ಕಳ್ಳರು. ಅರ್ಧಕ್ಕೆ ನಿಲ್ಲಿಸಿ ಎಲ್ಲಿಂದಲೋ ಬೋಳುಮಣ್ಣು ತುಂಬಿಸಿ ಕಳಿಸುತ್ತಿದ್ದಾರೆ. ಮರುದಿನವೇ ಜೀಪು ಹತ್ತಿ ಕಾಡಿಗೆ ಹೋದರು.

ಗುಂಡಿ ದೊಡ್ಡ ಮರವೊಂದರ ಬುಡದಿಂದ ತುಸು ದೂರದಲ್ಲಿತ್ತು, ಏಣಿ ಇಟ್ಟಿದ್ದರು. ಸಾಹೇಬರು ಇಳಿದರು. ಇಷ್ಟು ವರ್ಷ ಆಳದವರೆಂದು ಎದೆಯುಬ್ಬಿಸಿದವರು ಆಳಕ್ಕೆ ಇಳಿದದ್ದು ಅದೇ ಮೊದಲು. ಗುಂಡಿಯ ಗೋಡೆ ಅವರ ಮುಖಕ್ಕೆ ಅಂಗೈಯಷ್ಟು ದೂರದಲ್ಲಿ ನಿಂತಿತ್ತು. ಮೇಲ್ಗಡೆ ತೋಳುದಪ್ಪದ ಬೇರುಗಳು, ಎದೆಮಟ್ಟಕ್ಕೆ ಬೆರಳುದಪ್ಪ, ಅದರ ಕೆಳಗೆ ದಾರದಂಥವು. ಇನ್ನೂ ಕೆಳಗೆ, ಅವರ ಮೊಣಕಾಲ ಹತ್ತಿರ, ಕೂದಲೆಳೆಯಂಥವೂ ಅಪರೂಪ. ಉಳಿದಂತೆ ಬೇರು ಇದ್ದು ಹೋದ ದಾರಿಗಳಷ್ಟೇ ಇದ್ದವು: ಕೆಂಚು ಜೇಡಿಯಲ್ಲಿ ಕಪ್ಪು ಗೆರೆಗಳು, ಗೋಡೆಯ ಮೇಲೆ ನೀರು ಇಳಿದ ಕಲೆಯ ಹಾಗೆ, ಕವಲೊಡೆಯುತ್ತ ಪಾದದ ಕೆಳಗೆ ಹೋಗಿದ್ದವು. ಬೆರಳಿಂದ ಉಜ್ಜಿದರು. ಕಪ್ಪು ಬೆರಳಿಗೆ ಹತ್ತಿತು. ಸಾಹೇಬರಿಗೆ ಹೇಸಿಗೆಯಾಯಿತು.

"ಏಯ್, ಸಲಿಕೆ ತೊಳೀತೀರೇನ್ರೋ? ಗೋಡೆ ತುಂಬಾ ಕೊಳೆ!"

ಮೇಲಿಂದ ಗುಂಡಿ ತೋಡುವವನ ಮುಖ ಕಾಣಿಸಿತು. "ಮಣ್ಣು ತೋಡೋ ಸಲಿಕೇನ ತೊಳೆದು ತೋಡಬೇಕಾ ಸ್ವಾಮಿ?"

"ತಲೆಹರಟೆ ಬೇಡ. ಇಲ್ಲಿಂದಲೇ ತುಂಬಿದ್ದು ತಾನೇ ಚೀಲ?"

"ನೀವು ನಿಂತಿದ್ದೀರಲ್ಲ, ಅಲ್ಲಿಂದಲೇ. ಸ್ವಲ್ಪ ಮೇಲೆ ಬನ್ನಿ, ಏಣಿ ಬೇಕು."

"ಯಾಕೆ?"

"ಊಟಕ್ಕೆ ಹೊರಟ್ವಿ. ನೀವು ಇನ್ನೂ ಬೈಯೋದಿದ್ರೆ ಅಲ್ಲೇ ಇರಿ, ಬಂದ್ಮೇಲೆ ಕೇಳ್ತೀವಿ."

ಸಾಹೇಬರು ಎದ್ದೆನೋ ಬಿದ್ದೆನೋ ಎಂದು ಹತ್ತಿಬಂದರು. ಕಳ್ಳತನ ಸಿಗದಿದ್ದರೂ ಕೊಳೆ ಸಿಕ್ಕಿತ್ತು. ಇನ್ನು ಮುಂದೆ ಬೇರಿನ ಜೊತೆ ಈ ಕರಿಕಸವನ್ನೂ ಒಂದು ಚೂರೂ ಬಿಡದೆ ತೆಗೆಯಬೇಕು. ಇಷ್ಟು ದಿನ ಕೈಗೆ ಸಿಕ್ಕಷ್ಟು ತೆಗೆಯುತ್ತಿದ್ದದ್ದು ಸಾಲದು. ಶುದ್ಧವಾದ ಮಣ್ಣು ಕೊಟ್ಟರೆ ಶುದ್ಧವಾದ ಉತ್ತರ ಬರುತ್ತದೆ, ಕೋಣೆ ಉಳಿಯುತ್ತದೆ ಎಂದು ಜೀಪಿನಲ್ಲಿ ನಿಶ್ಚಯಿಸಿದರು. ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟವನು, ಇಲಿ ಇನ್ನೂ ಕಾಣುತ್ತಿದೆಯೆಂದು ಸೀಮೆಎಣ್ಣೆ ತರಲು ಹೊರಟ ಹಾಗಾಯಿತು.

ಅದೇ ಗುಂಡಿಯ ಮಣ್ಣು ಕೇಂದ್ರಕ್ಕೆ ಬಂದಾಗ ಮೇಡಂ ತಾವೇ ತೋಳು ಮಡಚಿಕೊಂಡು ಅದನ್ನು ತೊಟ್ಟಿಯಲ್ಲಿ ಕಲಸಿ ಎರಡು ಪಾಲು ಮಾಡಿದರು. ಒಂದು ಸಾಹೇಬರಿಗೆ, ಒಂದು ಗುಂಗುರುವಿಗೆ.

"ಒಂದೇ ಮಣ್ಣು, ಇಬ್ಬರು ಹೆಕ್ಕೋರು," ಎಂದರು. "ಇಬ್ಬರದೂ ಒಂದೇ ಉತ್ತರ ಬಂದ್ರೆ ಕಾಡು ನಿಜವಾಗ್ಲೂ ಖಾಲಿ. ಬೇರೆ ಬೇರೆ ಬಂದ್ರೆ ಎಡವಟ್ಟು ಈ ಕೋಣೆಯಲ್ಲಿದೆ. ಅದನ್ನ ನೋಡಿ ಕೋಣೆ ಇರಬೇಕಾ, ಇದ್ರೆ ಯಾರ ಕೈಗೆ ಕೊಡಬೇಕು ಅಂತ ತೀರ್ಮಾನ ಮಾಡ್ತೀನಿ."

ಸಾಹೇಬರಿಗೆ ಕೊನೆಯ ಮಾತೊಂದೇ ಕೇಳಿಸಿತು. ಕುರ್ಚಿಗೆ ಪಂದ್ಯ! ಅದೂ ಗುಂಗುರುವಿನ ಜೊತೆ! ಆನೆಗೂ ಆಡಿಗೂ ಓಟದ ಪಂದ್ಯವಿಟ್ಟರೆ ಆನೆಗೆ ಅವಮಾನ, ಆಡಿಗೆ ಅಜೀರ್ಣ ಎಂದುಕೊಂಡರು. ಆದರೂ ಕೂತರು.

ಮೇಡಂ ಹೋದ ಅರ್ಧ ತಾಸಿಗೆ ಕೋಣೆಯ ಇನ್ನೊಬ್ಬರು ಗಂಟೆ ಹೊಡೆದರು. ಗುಂಗುರು ಕೈ ಎತ್ತಿದ, ತಟ್ಟೆಯ ಮೇಲೆ ಮುಚ್ಚಳ ಹಾಕಿದ, ಕಿತ್ತಳೆ ತೆಗೆದ. ಸಾಹೇಬರು ಕನ್ನಡಕ ಒರೆಸಿಕೊಂಡು ನಿಜವಾದ ಕೆಲಸ ಶುರುಮಾಡಿದರು. ಬೇರು ಮುಗಿಯಿತು. ಬೇರಿನಂತೆ ಕಂಡದ್ದು ಮುಗಿಯಿತು. ಮುಂದೆ ಕಪ್ಪಾಗಿದ್ದದ್ದು, ಆಮೇಲೆ ಕಪ್ಪಾಗಬಹುದೆಂಬ ಅನುಮಾನ ಹುಟ್ಟಿಸಿದ್ದು. ಸಂಜೆಯಾಯಿತು. ಮರುದಿನ ಮತ್ತೆ ಅದೇ ತಟ್ಟೆ.

"ಬಗ್ಗು," ಎಂದರು.

ಗುಂಗುರು ಸಿಪ್ಪೆ ಕೈಯಲ್ಲಿ ಹಿಡಿದೇ ಬಗ್ಗಿದ. "ಭಾವ, ನನ್ನ ತಟ್ಟೆ ಸೋಲಿಸೋದಕ್ಕೆ ನನ್ನ ತಲೆಯನ್ನೇ ಉಜ್ಜುತ್ತಿದ್ದೀರಲ್ಲ, ಇದು ಯಾವ ಊರಿನ ನ್ಯಾಯ?"

"ನಿನ್ನ ತಲೆ ಇಲ್ಲಾದ್ರೂ ಗೆಲ್ಲೋ ಕಡೆ ಇರಲಿ."

"ಸಾಕು ಬಿಡಿ ಭಾವ. ಇನ್ನೇನು, ಬರೀ ಮರಳು ಉಳಿದಿದೆ."

"ನಿನಗೇನು ಗೊತ್ತೋ ಶುದ್ಧ ಅಂದ್ರೆ? ಹೋಗು, ಹಣ್ಣು ತಿನ್ನು."

ಮನೆಯಲ್ಲಿ ಊಟಕ್ಕೆ ಕೂತಾಗ ಸಾಹೇಬರು ತಟ್ಟೆಯ ಬಣ್ಣ ಹೇಗೆ ಬದಲಾಯಿತೆಂದು ವರ್ಣಿಸಿದರು. ಕೆಂಚಗಿದ್ದದ್ದು ಈಗ ಮಗುವಿನ ಅಂಗೈ ಹಾಗಾಗಿದೆಯಂತೆ. ಹೆಂಡತಿ ಕೇಳಿಸಿಕೊಂಡಳು.

"ಅಲ್ರೀ, ಮಣ್ಣಲ್ಲಿ ಏನಿದೆ ಅಂತ ನೋಡೋದು ತಾನೇ ನಿಮ್ಮ ಕೆಲಸ? ಇರೋದನ್ನೆಲ್ಲ ತೆಗೆದ್ಮೇಲೆ ಏನು ನೋಡ್ತೀರಿ?"

"ಹೊಲಿಗೆಯವರಿಗೆ ಇದು ಅರ್ಥ ಆಗಲ್ಲ."

"ಆಗಲ್ಲ ಬಿಡಿ. ಆ ಕೋಟಿನವನಿಗೂ ಅರ್ಥ ಆಗಲಿಲ್ಲ," ಎಂದು ಅವಳು ಪಾತ್ರೆ ಎತ್ತಿದಳು.

ಉತ್ತರ ಬಂದ ದಿನ ಮೇಡಂ ಇಬ್ಬರನ್ನೂ ಮಹಡಿಗೆ ಕರೆದರು. ಮೆಟ್ಟಿಲು ಹತ್ತುವಾಗ ಸಾಹೇಬರು ಮುಂದೆ, ಗುಂಗುರು ಹಿಂದೆ.

"ಬೇರೆ ಬೇರೆ ಬಂದಿದೆ," ಎಂದರು ಮೇಡಂ. "ಇವರ ತಟ್ಟೆಯಲ್ಲಿ ನಿಮ್ಮದಕ್ಕಿಂತ ಮೂರು ಪಾಲು ಹೆಚ್ಚು."

"ನಾನು ಹೇಳಲಿಲ್ವಾ!" ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಗಲೀಜು ಮೇಡಂ! ಗಂಟೆ ಹೊಡೆದ ತಕ್ಷಣ ಎದ್ದು ಹಣ್ಣು ತಿಂತಾನೆ. ಬೇರು ಉಳಿದಿದೆ, ಅದಕ್ಕೇ ಹೆಚ್ಚು. ನಾನೇ ಸೇರಿಸಿದೋನು, ನನ್ನದೇ ತಪ್ಪು, ಒಪ್ಕೋತೀನಿ."

"ಎರಡು ಮೂರು ಎಳೆ ಉಳಿದಿತ್ತು. ಅದನ್ನ ತೆಗೆದೂ ಅಳೆದ್ವಿ. ಅಷ್ಟೇನೂ ಕಮ್ಮಿಯಾಗಲಿಲ್ಲ." ಮೇಡಂ ಒಂದು ಬಟ್ಟಲನ್ನು ಮುಂದಕ್ಕೆ ತಳ್ಳಿದರು. ಅದರಲ್ಲಿದ್ದದ್ದು ಸಾಹೇಬರು ಹೆಕ್ಕಿ ಹಾಕಿದ ಕಸ. "ಇದರಲ್ಲಿ ಒಂದು ಚೂರು ಇಲ್ಲಿಟ್ಟಿದ್ದೀನಿ, ನೋಡಿ."

ಸಾಹೇಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಏನು ಕಾಣ್ತಿದೆ?"

"ಬೇರು."

"ಸರಿಯಾಗಿ ನೋಡಿ. ನಾರು ಇದೆಯಾ? ಸಿಪ್ಪೆ ಇದೆಯಾ?"

ನಾರಿರಲಿಲ್ಲ. ಸಿಪ್ಪೆಯಿರಲಿಲ್ಲ. ಜೇಡಿಯ ಒಂದು ಹರಳು, ಅದರ ಮೈಗೆ ಲೇಪದಂತೆ ಹತ್ತಿದ ಕಪ್ಪು.

"ಬೇರಲ್ಲ," ಎಂದರು ಸಾಹೇಬರು. "ಕರ್ರಗಿತ್ತು."

"ಕರ್ರಗಿರೋದನ್ನೆಲ್ಲ ತೆಗೆದ್ರಾ?"

"ಕೊಳೆ ಅಲ್ವಾ ಮೇಡಂ ಅದು?"

"ಸಾರ್, ಅದೇ ನಾವು ಹುಡುಕ್ತಿರೋದು," ಎಂದರು ಮೇಡಂ. "ಬೇರು ಸತ್ತು ಕೊಳೆತು ಮಣ್ಣಿಗೆ ಅಂಟಿದ ಇಂಗಾಲ ಅಂದ್ರೆ ಇದೇ. ಈ ಬಟ್ಟಲಲ್ಲಿದ್ದದ್ದರಲ್ಲಿ ಅರ್ಧ ಸುಟ್ಟು ನೋಡಿದ್ವಿ, ನಿಮ್ಮ ತಟ್ಟೆಯಲ್ಲಿ ಕಾಣೆಯಾಗಿದ್ದದ್ದೆಲ್ಲ ಇಲ್ಲಿದೆ. ಕಾಡು ಖಾಲಿ ಇರಲಿಲ್ಲ. ನೀವು ಖಾಲಿ ಮಾಡಿ ಕಳಿಸ್ತಿದ್ರಿ."

ಗುಂಗುರು ಪಾಪ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ನಗುತ್ತಿದ್ದರೆ ಸಾಹೇಬರಿಗೆ ಅನುಕೂಲವಾಗುತ್ತಿತ್ತು, ಅಲ್ಲೇ ಬೈಯಬಹುದಿತ್ತು.

ಮೇಡಂ ಮುಂದಿನದನ್ನು ಚುಟುಕಾಗಿ ಹೇಳಿದರು. ಆಳದ ಕೋಣೆ ಉಳಿಯುತ್ತದೆ. ಪ್ರತಿ ಗುಂಡಿಯ ಅರ್ಧ ಮಣ್ಣು ಉಗ್ರಾಣದಲ್ಲಿ ಮುಟ್ಟದೆ ಇಟ್ಟಿದೆ. ಸಾಹೇಬರ ಕೈ ಹಾದ ಎಲ್ಲವನ್ನೂ ಮೊದಲಿಂದ ಹೆಕ್ಕಬೇಕು, ಗಂಟೆಯ ಪ್ರಕಾರ. ಕೋಣೆಯ ಮುಖ್ಯಸ್ಥ ಗುಂಗುರು.

"ನಾನಾ?" ಎಂದ ಗುಂಗುರು. ಅವನ ಮುಖದಲ್ಲಿ ನಿಜವಾದ ಭಯವಿತ್ತು. "ನನಗೆ ಬೇಡ ಮೇಡಂ. ಭಾವ ಇದ್ದಾರಲ್ಲ."

"ಗಂಟೆ ಹೊಡೆದಾಗ ಕೈ ಎತ್ತೋರು ಬೇಕು ನನಗೆ. ನೀವು ಎತ್ತುತ್ತೀರಿ." ಮೇಡಂ ಸಾಹೇಬರ ಕಡೆ ತಿರುಗಿದರು. "ನಿಮ್ಮ ಕಣ್ಣಿನ ಬಗ್ಗೆ ನನಗೆ ಅನುಮಾನ ಇಲ್ಲ. ಆಚೆ ಕೋಣೆಯಲ್ಲೂ ಮುಖ್ಯಸ್ಥರ ಜಾಗ ಖಾಲಿಯಾಗ್ತಿದೆ. ಮೇಲ್ಮಣ್ಣಲ್ಲಿ ಬೇರು ಜಾಸ್ತಿ, ನಿಮ್ಮಂಥವರು ಬೇಕು. ಅಲ್ಲಿ ಮುಖ್ಯಸ್ಥರಾಗಿ ಹೋಗ್ತೀರಾ, ಇಲ್ಲೇ ಗಂಟೆಗೆ ಒಪ್ಪಿ ಇರ್ತೀರಾ? ನಾಳೆ ಹೇಳಿ."

ಸಾಹೇಬರು ಮನೆಗೆ ನಡೆದೇ ಹೋದರು. ದಾರಿಯುದ್ದಕ್ಕೂ ತಿರಸ್ಕರಿಸಲು ಬೇಕಾದಷ್ಟು ಜನ ಎದುರಾದರು. ಅವರು ಯಾರನ್ನೂ ಗಮನಿಸಲಿಲ್ಲ. ಒಂದು ಕಡೆ ಕೈಯಿರುವ ಕುರ್ಚಿ, ಸುತ್ತ ಸಲಾಮು ಹೊಡೆಯುವ ಜನ, ಆದರೆ ಕಾಲ ಕೆಳಗೆ ಬರೀ ಮೇಲ್ಮಣ್ಣು. ಇನ್ನೊಂದು ಕಡೆ ಆಳ, ಆದರೆ ತಲೆಯ ಮೇಲೆ ಕಿತ್ತಳೆ ಸುಲಿಯುವ ಗುಂಗುರು. ಗುಂಡಿಯ ಗೋಡೆಯ ಕರಿಗೆರೆಗಳು ನೆನಪಾದವು. ಅವನ್ನು ಕೊಳೆ ಎಂದು ಬೈದದ್ದೂ ನೆನಪಾಯಿತು. ಅವರು ತಮ್ಮ ಜನ್ಮದಲ್ಲಿ ತಪ್ಪಾಗಿ ತಿರಸ್ಕರಿಸಿದ್ದು ಇದೊಂದನ್ನೇ ಎಂಬುದು ಅವರ ಖಚಿತ ಅಭಿಪ್ರಾಯ. ಬೇರೆಯವೂ ಇರಬಹುದೆಂದು ಪರಿಶೀಲಿಸುವಷ್ಟು ದೂರ ಮನೆ ಇರಲಿಲ್ಲ.

ಹೆಂಡತಿ ಎಲ್ಲವನ್ನೂ ಕೇಳಿ ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಿಲ್ಲಿಸಿದಳು.

"ಆಚೆ ಹೋದ್ರೆ ಏನ್ರೀ? ಮುಖ್ಯಸ್ಥರು ಅಂತಾರೆ."

"ಯಾರಿಗೆ ಮುಖ್ಯಸ್ಥ?"

"ಸರಿ, ಹಾಗಾದ್ರೆ ಇಲ್ಲೇ ಇರಿ. ಅವನೇನು ನಿಮ್ಮನ್ನ ತಿಂತಾನಾ? ನನ್ನ ತಮ್ಮ ರೀ. ನಿಮಗೆ ಹೆದರಿಕೊಂಡೇ ಅರ್ಧ ಸವೆದಿದ್ದಾನೆ."

"ಅವನು ಗಂಟೆ ಹೊಡೆದ್ರೆ ನಾನು ಕೈ ಎತ್ತಬೇಕು."

"ಎತ್ತಿ. ಕೈ ತಾನೇ?" ಎಂದಳು ಅವಳು.

ಮರುದಿನ ಸಾಹೇಬರು ಮೇಡಂಗೆ, "ನಾನು ಆಳದವನು," ಎಂದಷ್ಟೇ ಹೇಳಿ ತಮ್ಮ ಬೆಂಚಿಗೆ ಬಂದು ಕೂತರು.

ಗುಂಗುರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಲ್ಲುನೋವು ಬಂದವನ ಹಾಗೆ ಕೂತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಅದರ ಮುಳ್ಳನ್ನೇ ದಿಟ್ಟಿಸುತ್ತಿದ್ದ. ಮುಳ್ಳು ದಿಟ್ಟಿಸುವುದಕ್ಕಿಂತ ಒಳ್ಳೆಯ ಜೋಗುಳವಿಲ್ಲ. ಕಿಟಕಿಯಿಂದ ಎಳೆಬಿಸಿಲು ಬೇರೆ. ಸ್ವಲ್ಪ ಹೊತ್ತಿಗೆ ಅವನ ಗದ್ದ ಎದೆಗಿಳಿಯಿತು.

ಸಾಹೇಬರು ಹೆಕ್ಕುತ್ತಿದ್ದರು. ಬಿಳಿಯ, ಕಂದುಬಣ್ಣದ, ನಾರಿರುವ ಬೇರುಗಳನ್ನು ಮಾತ್ರ. ಪ್ರತಿ ಸಲ ಕರಿಚೂರೊಂದು ಕಂಡಾಗಲೂ ಚಿಮಟ ತಾನಾಗಿ ಅತ್ತ ವಾಲುತ್ತಿತ್ತು, ಎಳೆದು ನಿಲ್ಲಿಸಬೇಕಾಗುತ್ತಿತ್ತು. ತಲೆ ಎತ್ತಿ ನೋಡಿದಾಗ ಅರ್ಧ ತಾಸು ತುಂಬಲು ಇನ್ನೇನು ಬಂದಿತ್ತು. ಆಗಲೇ ತಟ್ಟೆಯ ಅಂಚಿನಲ್ಲಿ ಒಂದು ಬೇರು ಕಂಡಿತು. ಇದು ನಿಜವಾದ ಬೇರೇ. ಉದ್ದನೆಯ, ಕವಲಿರುವ, ಕುರುಡನಿಗೂ ಕಾಣುವಂಥದ್ದು. ಗಂಟೆ ಹೊಡೆಯಲಿಲ್ಲ. ಮುಖ್ಯಸ್ಥರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಸುತ್ತಲಿನವರು ಇನ್ನೂ ಹೊತ್ತಾಗಿಲ್ಲವೆಂದುಕೊಂಡು ಹೆಕ್ಕುತ್ತಲೇ ಇದ್ದರು. ಮುಳ್ಳು ಗೆರೆ ದಾಟಿತು.

ಕೈ ಚಾಚಿದರೆ ಮುಗಿಯಿತು. ನೋಡುವವರಿಲ್ಲ, ಕೇಳುವವರಿಲ್ಲ. ಬೇರನ್ನು ತೆಗೆದರೆ ತಪ್ಪೂ ಅಲ್ಲ, ಅದು ಬೇರು. ಆದರೆ ಅದಾದ ಮೇಲೆ ಅದರ ಪಕ್ಕದ್ದು ಕಾಣುತ್ತದೆ, ಅದರ ಪಕ್ಕದ್ದು, ಆಮೇಲೆ ಸಂಜೆಯಾಗುತ್ತದೆ. ಇದು ಸಾಹೇಬರಿಗೆ ಈಗ ತಮ್ಮ ಕೈ ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತಿತ್ತು. ಅವರು ಹಲ್ಲು ಕಚ್ಚಿ ಎದ್ದರು. ಕಿಟಕಿಯ ಬಳಿ ಹೋಗಿ, ಗಂಟೆ ಎತ್ತಿ, ಗುಂಗುರುವಿನ ಕಿವಿಯ ಪಕ್ಕದಲ್ಲಿ ಹಿಡಿದು, ಜೀವಮಾನದ ತಿರಸ್ಕಾರವನ್ನೆಲ್ಲ ಒಟ್ಟುಮಾಡಿ ಹೊಡೆದರು.

ಗುಂಗುರು ಕುರ್ಚಿಸಮೇತ ಹಾರಿದ. "ಏನಾಯ್ತು ಭಾವ? ಬೆಂಕಿ ಬಿತ್ತಾ?"

"ಹೊತ್ತಾಯ್ತು. ಕೈ ಎತ್ತು ಅಂತ ಹೇಳು."

"ಕೈ... ಕೈ ಎತ್ತಿ," ಎಂದ ಗುಂಗುರು, ಎರಡೂ ಕೈ ಮೇಲೆತ್ತಿಕೊಂಡು.

ಕೋಣೆಯವರೆಲ್ಲ ಕೈ ಎತ್ತಿದರು. ಸಾಹೇಬರು ತಮ್ಮ ತಟ್ಟೆ ತೆಗೆದುಕೊಂಡು ಕುಲುಮೆಯ ಕಡೆ ಹೊರಟರು. ಪಡಸಾಲೆಯಲ್ಲಿ ಮೇಲ್ಮಣ್ಣಿನವರು ಗುಂಪಾಗಿ ನಿಂತು ಚಹಾ ಕುಡಿಯುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಆ ಬೇರು ಹಾಗೇ ಮಲಗಿತ್ತು. ಸಾಹೇಬರು ಅಂಗೈ ಅಡ್ಡ ಹಿಡಿದು ಅದನ್ನು ಮರೆಮಾಡಿಕೊಂಡು, ಮೈಮೇಲೆ ಬಟ್ಟೆಯಿಲ್ಲದವರ ಹಾಗೆ ಗೋಡೆ ಸವರಿಕೊಂಡು ನಡೆದರು. ಯಾರಾದರೂ ನೋಡಿ ನಕ್ಕರೆ ಏನು ಹೇಳಬೇಕೆಂದು ನಾಲ್ಕು ಕಟುವಾದ ಮಾತುಗಳನ್ನು ಬಾಯಲ್ಲಿ ಸಿದ್ಧಮಾಡಿಕೊಂಡಿದ್ದರು.

ಯಾರೂ ನೋಡಲಿಲ್ಲ. ಗುಂಪು ಅವರಿಗೆ ದಾರಿ ಬಿಟ್ಟು ಮಾತು ಮುಂದುವರಿಸಿತು. ಸಾಹೇಬರು ನಾಲ್ಕು ಹೆಜ್ಜೆ ಹೋದವರು ನಿಂತರು, ಹಿಂದಕ್ಕೆ ಬಂದರು, ಅಂಗೈ ತೆಗೆದು ತಟ್ಟೆಯನ್ನು ಒಬ್ಬನ ಮೂಗಿನ ಕೆಳಗೆ ಹಿಡಿದರು.

"ಕಾಣ್ತಿದೆಯಾ?"

ಅವನು ಬಗ್ಗಿ ನೋಡಿದ. "ಏನು ಸಾರ್? ಮಣ್ಣು."

"ಥೂ, ಮೇಲ್ಮಣ್ಣು," ಎಂದು ಸಾಹೇಬರು ತಟ್ಟೆಯನ್ನು ಎದೆಗವಚಿಕೊಂಡು ಕುಲುಮೆಯ ಕಡೆ ನಡೆದರು.